ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು

"ಸ್ವಲ್ಪ ಆ ಕಡೆ ಸರಿ. ಇನ್ನೊಂದ್ಸಲ ಒದ್ದು ನೋಡ್ತೀನಿ," ಅಂದಳು ಅಮ್ಮ.

ಜೀರುಂಡೆ ಸರಿದು ನಿಂತಳು. ಬಾಯಿ ಮುಚ್ಚದೆ ಗುಂಯ್‌ಗುಡುವ ಮಗಳಿಗೆ ಅಪ್ಪ ಇಟ್ಟ ಹೆಸರು ಅದು. ಅಮ್ಮ ಮೈಭಾರವನ್ನೆಲ್ಲ ಹಾಕಿ ಕಿಕ್ಕರ್ ತುಳಿದಳು. ಬೈಕು ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಅಪ್ಪ ತೀರಿಕೊಂಡ ದಿನದಿಂದ ಅದು ಮೆಟ್ಟಿಲ ಕೆಳಗೆ ಹಳೇ ಬೆಡ್‌ಶೀಟ್ ಹೊದ್ದು ನಿಂತಿತ್ತು. ವರ್ಷದ ಮೇಲಾಯಿತು. ಈಗ ಅದು ಓಡಲೇಬೇಕಿತ್ತು. ನಾಳೆಯಿಂದ ಅಮ್ಮನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಮೊದಲ ಬಸ್ಸು ಹೊರಡುವ ಹೊತ್ತಿಗೆ ಅಲ್ಲಿ ಶಿಫ್ಟ್ ಶುರುವಾಗಿರುತ್ತದೆ. ತಡವಾದರೆ ಬರಲೇಬೇಡ ಅಂತ ಮೇಲ್ವಿಚಾರಕಿ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು.

ಅಮ್ಮ ಪಟ್ಟ ಪಾಡು ಅಷ್ಟಿಷ್ಟಲ್ಲ. ಬ್ಯಾಟರಿ ಚಾರ್ಜ್ ಮಾಡಿಸಿದಳು. ಪ್ಲಗ್ ಬಿಚ್ಚಿ ಉಜ್ಜಿದಳು, ಆಮೇಲೆ ಹೊಸದನ್ನೇ ಹಾಕಿದಳು. ಏರ್ ಫಿಲ್ಟರಿನ ಧೂಳು ಕೊಡವಿದಳು. ಚೋಕ್ ಎಳೆದಳು, ಬಿಟ್ಟಳು. ಜಪ್ಪಯ್ಯ ಅಂದರೂ ಬೈಕು ಸ್ಟಾರ್ಟ್ ಆಗಲಿಲ್ಲ.

ಕೊನೆಗೆ ಜೀರುಂಡೆಯೇ ಓಡಿಹೋಗಿ ಪಕ್ಕದ ಬೀದಿಯ ಮೆಕ್ಯಾನಿಕ್ಕನ್ನು ಕರೆದುಕೊಂಡು ಬಂದಳು. ಮಕ್ಕಳಿಗೆಲ್ಲ ಅವನು ಸ್ಪ್ಯಾನರ್ ಮಾಮ.

ಸ್ಪ್ಯಾನರ್ ಮಾಮ ಪ್ಲಗ್ ಹೊರತೆಗೆದು ಇಂಜಿನ್ನಿಗೆ ತಾಗಿಸಿ ಕಿಕ್ ಹೊಡೆದ. ಚಿಟ್ ಅಂತ ನೀಲಿ ಕಿಡಿ ಹಾರಿತು. "ಕರೆಂಟ್ ಸರಿಯಾಗೇ ಇದೆಯಲ್ಲ!" ಅಂದ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ, ಮುಖ ಹಿಂಡಿದ.

"ಅಬ್ಬಬ್ಬಾ, ಹಳೇ ಪೇಂಟ್ ಡಬ್ಬದ ವಾಸನೆ! ಪೆಟ್ರೋಲು ಕೆಟ್ಟುಹೋಗಿದೆ ಅಕ್ಕ. ಮುಚ್ಚಳ ತೆಗೆದ್ರೆ ಯಾರಿಗಾದ್ರೂ ಗೊತ್ತಾಗುತ್ತೆ. ಪೂರ್ತಿ ಖಾಲಿ ಮಾಡಿ ಕಾರ್ಬುರೇಟರ್ ತೊಳೆದ್ರೆ, ಸಂಜೆಯೊಳಗೆ ಓಡುತ್ತೆ."

"ಬೇಡ!" ಜೀರುಂಡೆ ಟ್ಯಾಂಕನ್ನು ತಬ್ಬಿಕೊಂಡಳು. "ಅದು ಅಪ್ಪ ಹಾಕಿಸಿದ್ದು! ಭಾನುವಾರ ಕೆರೆಗೆ ಹೋಗೋಣ ಅಂತ ಫುಲ್ ಟ್ಯಾಂಕ್ ಮಾಡಿಸಿದ್ರು. ನಾನೂ ಜೊತೆಗಿದ್ದೆ!"

ಆ ಭಾನುವಾರ ಬರುವ ಮೊದಲೇ ಅಪ್ಪ ಹೋಗಿಬಿಟ್ಟಿದ್ದ.

ಸ್ಪ್ಯಾನರ್ ಮಾಮ ಪೆಚ್ಚಾಗಿ ಕೈ ಒರೆಸಿಕೊಳ್ಳತೊಡಗಿದ. ಅಮ್ಮ ಈಗ ಬಯ್ಯುತ್ತಾಳೆ ಅಂದುಕೊಂಡು ಜೀರುಂಡೆ ತಿರುಗಿದಳು. ಅಮ್ಮ ಬಯ್ಯಲಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಗೋಡೆ ನೋಡುತ್ತಿದ್ದಳು.

ಜೀರುಂಡೆಗೆ ನೆನಪಾಯಿತು. ಬೆಡ್‌ಶೀಟ್ ತೆಗೆದ ದಿನ ಅಮ್ಮ ಮೊದಲು ತೆರೆದದ್ದೇ ಟ್ಯಾಂಕಿನ ಮುಚ್ಚಳ. ಬಗ್ಗಿ ಮೂಸಿದವಳು ಮೆಲ್ಲಗೆ ಮುಚ್ಚಿಬಿಟ್ಟಿದ್ದಳು. ಆಮೇಲೆ ಬ್ಯಾಟರಿ ಅಂದಳು, ಪ್ಲಗ್ ಅಂದಳು, ಫಿಲ್ಟರ್ ಅಂದಳು. ಟ್ಯಾಂಕಿನ ಸುದ್ದಿ ಮಾತ್ರ ಎತ್ತಿರಲಿಲ್ಲ.

ಜೀರುಂಡೆ ಟ್ಯಾಂಕಿನಿಂದ ಕೈ ತೆಗೆದಳು. ಒಳಗಿನಿಂದ ದೊಡ್ಡ ಕ್ಯಾನ್ ತಂದು ಕೆಳಗಿಟ್ಟಳು.

"ಮಾಮ, ಪೈಪ್ ಬಿಚ್ಚಿ."

ಪೆಟ್ರೋಲು ಚಹಾದ ಬಣ್ಣಕ್ಕೆ ತಿರುಗಿತ್ತು. ಕ್ಯಾನ್ ಹಿಡಿದಿದ್ದ ಜೀರುಂಡೆಯ ಪಕ್ಕದಲ್ಲಿ ಅಮ್ಮ ಬಂದು ಕುಕ್ಕರಗಾಲಲ್ಲಿ ಕೂತಳು. ತಾನೂ ಒಂದು ಕೈ ಹಾಕಿದಳು.

"ಕೈ ನಡುಗಿಸಬೇಡ, ಚೆಲ್ಲುತ್ತೆ," ಅಂದಳು.

ನಡುಗುತ್ತಿದ್ದದ್ದು ಅಮ್ಮನ ಕೈ. ಜೀರುಂಡೆ ಕ್ಯಾನನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.