ಗೂಡಿನಲ್ಲಿ ಉಳಿದ ಚಪ್ಪಲಿ

ಹದಿನೇಳನೆಯ ತಾರೀಖು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಆ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಳು. ಸಮಯ ಬರೆದುಕೊಂಡವರು ಹೆಡ್ ಕಾನ್‌ಸ್ಟೆಬಲ್. ಆಕಳಿಸಿದರೂ ಗಂಟೆ ನಿಮಿಷ ಬರೆದಿಡುವ ಆಸಾಮಿಯಾದ್ದರಿಂದ ಠಾಣೆಯವರೆಲ್ಲ ಅವರನ್ನು ಕರೆಯುತ್ತಿದ್ದದ್ದೇ ಗಡಿಯಾರ ಎಂದು. ಹೆಂಗಸಿನ ಕೂದಲಲ್ಲಿ ಹತ್ತಿಯ ಒಂದು ಎಳೆ ಸಿಕ್ಕಿಕೊಂಡಿತ್ತು. ಫ್ಯಾನಿನ ಗಾಳಿಗೆ ಅದು ಏಳುತ್ತಿತ್ತು, ಮತ್ತೆ ಒರಗುತ್ತಿತ್ತು. ಇನ್‌ಸ್ಪೆಕ್ಟರಮ್ಮನಿಗೆ ಮೊದಲು ಕಂಡದ್ದು ಆ ಎಳೆ, ಆಮೇಲೆ ಅವಳ ಅಳು.

"ನಮ್ಮ ಯಜಮಾನ್ರು ನೂಲಿನ ಗಿರಣೀಲಿ ಕೆಲಸ ಮಾಡೋದು ಮೇಡಂ. ನಿನ್ನೆ ಯಂತ್ರಕ್ಕೆ ಸಿಕ್ಕಿ ಬಲಗೈಯಲ್ಲಿ ಮೂರು ಬೆರಳು ಹೋದವು. ಗಿರಣಿಯವರು ನೋಡಿದ್ರೆ, ನಿನ್ನೆ ಕೆಲಸಕ್ಕೇ ಬಂದಿಲ್ಲ, ಕುಡಿದು ಮನೆ ಮೆಟ್ಟಿಲ ಮೇಲೆ ಬಿದ್ದಿದಾರೆ ಅಂತಾರೆ."

"ಕುಡೀತಾರಾ?"

"ಕೆಮ್ಮಿನ ಔಷಧಿ ಕುಡಿಸೋಕೇ ನಾನು ಮೂಗು ಹಿಡೀಬೇಕು."

"ಅವರೇನು ಹೇಳ್ತಾರೆ?"

"ಇನ್ನೂ ಎಚ್ಚರ ಇಲ್ಲ." ಅವಳು ಕಣ್ಣೊರೆಸಿಕೊಂಡಳು. "ಹೋದ ಬೆರಳು ಬರಲ್ಲ, ಗೊತ್ತು. ನಾನು ಬಂದಿದ್ದು ಅದಕ್ಕಲ್ಲ. ಇವತ್ತು ಎರಡು ಗಂಟೆ ಪಾಳಿಗೆ ಅದೇ ಯಂತ್ರಕ್ಕೆ ನನ್ನ ತಂಗೀನ ನಿಲ್ಲಿಸ್ತಾರೆ."

ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಆಸ್ಪತ್ರೆಯ ಡಾಕ್ಟರು ಫೋನಿನಲ್ಲಿ ಹೇಳಿದ್ದು ಎರಡೇ ಮಾತು: ಗಾಯದ ಒಳಗೆ ಹತ್ತಿ ಇತ್ತು, ಗಾಯಾಳು ಬರಿಗಾಲಲ್ಲಿದ್ದ.

"ಮೆಟ್ಟಿಲ ಮೇಲೆ ಹತ್ತಿ ಬೆಳೆಯೋ ಮನೆ, ನೋಡ್ಬೇಕು ಮೇಡಂ," ಎಂದರು ಗಡಿಯಾರ.

ಗಿರಣಿಯ ಬಾಗಿಲಲ್ಲಿ ಇನ್‌ಸ್ಪೆಕ್ಟರಮ್ಮ ಒಂದು ಉಸಿರಿನಷ್ಟು ಹೊತ್ತು ಕಣ್ಣು ಮುಚ್ಚಿದರು. ಯಾವ ತನಿಖೆಗೆ ಹೋದರೂ ಅವರ ಪ್ರಾರ್ಥನೆ ಅದೇ: ಭಗವಂತಾ, ನಿಜ ತೋರಿಸು, ನನ್ನ ಕೋಪವನ್ನು ಸ್ವಲ್ಪ ಹೊರಗೇ ನಿಲ್ಲಿಸು.

ಒಳಗೆ ಬೇರೆಯೇ ಒಂದು ಲೋಕವಿತ್ತು. ಎತ್ತರದ ಕಿಟಕಿಗಳಿಂದ ಬಿಸಿಲು ಕಂಬ ಕಂಬವಾಗಿ ಇಳಿದಿತ್ತು. ಆ ಬಿಸಿಲಲ್ಲಿ ಹತ್ತಿಯ ಧೂಳು ನೆಲಕ್ಕೂ ಇಳಿಯದೆ ಮೇಲಕ್ಕೂ ಹೋಗದೆ, ಯಾರೋ ಹೇಳುತ್ತಿರುವ ಕತೆಯನ್ನು ಕೇಳುತ್ತ ನಿಂತಂತೆ ತೇಲುತ್ತಿತ್ತು. ಯಂತ್ರಗಳ ಸದ್ದೂ ನೀರಿನಡಿಯಿಂದ ಬರುವಂತೆ ಮೆತ್ತಗೆ. ಜನರ ರೆಪ್ಪೆ, ಹುಬ್ಬು ಎಲ್ಲ ಬೆಳ್ಳಗೆ. ಎದುರು ಗೋಡೆಯ ಕಪ್ಪು ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿತ್ತು: ಅಪಘಾತವಿಲ್ಲದ ದಿನಗಳು, 2913.

ಮ್ಯಾನೇಜರು ಹೆಮ್ಮೆಯಿಂದ ವಿವರಿಸಿದರು. ದಿನಾ ಬೆಳಿಗ್ಗೆ ಆರಕ್ಕೆ ಮೇಸ್ತ್ರಿ ಸ್ಟೂಲು ಹತ್ತಿ ಅಂಕಿ ಬದಲಿಸುತ್ತಾರೆ, ಪಾಳಿಯವರೆಲ್ಲ ಒಕ್ಕೊರಲಿನಿಂದ ಅದನ್ನು ಹೇಳುತ್ತಾರೆ. ಅದೇ ಇಲ್ಲಿನ ನಮಸ್ಕಾರ.

"ನಿನ್ನೆ ಇಲ್ಲಿ ಏನಾಯ್ತು?" ಇನ್‌ಸ್ಪೆಕ್ಟರಮ್ಮ ಒಬ್ಬನನ್ನು ಕೇಳಿದರು.

"ಎರಡು ಸಾವಿರದ ಒಂಬೈನೂರ ಹನ್ನೆರಡು ಮೇಡಂ."

"ದಿನ ಕೇಳಲಿಲ್ಲ. ಏನಾಯ್ತು ಅಂದೆ."

ಒಂಬತ್ತು ಜನರನ್ನು ಕೇಳಿದರು. ಒಂಬತ್ತು ಬಾಯಲ್ಲೂ ಹತ್ತಿ ತುರುಕಿದಂತಿತ್ತು. ಹಾಜರಿ ಪುಸ್ತಕದಲ್ಲಿ ಗಾಯಾಳುವಿನ ಹೆಸರಿನ ಮುಂದೆ ಗೈರುಹಾಜರಿ ಎಂದಿತ್ತು; ಆ ಜಾಗದ ಕಾಗದ ಮಾತ್ರ ಉಜ್ಜಿ ತೆಳ್ಳಗಾಗಿತ್ತು.

ಹನ್ನೆರಡೂವರೆಗೆ ಗಡಿಯಾರ ಬಾಗಿಲ ಬಳಿಯಿಂದ ಕರೆದರು. ಕೆಲಸಗಾರರು ತಮ್ಮ ಚಪ್ಪಲಿಯನ್ನು ಅಲ್ಲಿನ ಮರದ ಗೂಡಿನಲ್ಲಿಟ್ಟು, ಗಿರಣಿಯ ಬೂಟು ಹಾಕಿಕೊಂಡು ಒಳಗೆ ಹೋಗಬೇಕು. ಒಬ್ಬರ ಚಪ್ಪಲಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಮೂರನೆಯ ಸಾಲಿನ, ಯಾರೂ ತಮ್ಮದೆನ್ನದ ಒಂದು ಜೊತೆಯ ಬಾರು ಕಿತ್ತು, ಅದನ್ನು ನೀಲಿ ದಾರದಲ್ಲಿ ಹೊಲಿಯಲಾಗಿತ್ತು. ಗಾಯಾಳುವಿನ ಹೆಂಡತಿಯನ್ನು ಕರೆಸಿದರು. ಅವಳು ನೋಡಿದವಳೇ ಗೋಡೆಗೆ ಒರಗಿದಳು.

"ನಾನೇ ಹೊಲಿದಿದ್ದು. ಭಾನುವಾರ. ಕಪ್ಪು ದಾರ ಸಿಗ್ಲಿಲ್ಲ ಅಂತ ಬೈಸ್ಕೊಂಡೆ."

ಕೆಲಸಕ್ಕೇ ಬಾರದವನ ಚಪ್ಪಲಿ ಗಿರಣಿಯಲ್ಲಿತ್ತು. ಇಬ್ಬರು ಪಂಚರ ಮುಂದೆ ಪಂಚನಾಮೆ ಬರೆದು ವಶಕ್ಕೆ ತೆಗೆದುಕೊಂಡರು.

ಮುಂದೆ ಯಂತ್ರ. ಹತ್ತಿ ಬಿಡಿಸುವ ಮೂರನೆಯ ಯಂತ್ರ ತಿರುಗುತ್ತಲೇ ಇತ್ತು. ಪಕ್ಕದಲ್ಲಿ ಆ ಹೆಂಗಸಿನ ತಂಗಿ ಎರಡರ ಪಾಳಿಗೆ ಬೂಟು ಕಟ್ಟಿಕೊಳ್ಳುತ್ತಿದ್ದಳು. ಮುಚ್ಚಳ ಎತ್ತಿದರೆ ಒಳಗಿನ ಹಲ್ಲುಚಕ್ರ ತಾನಾಗಿ ನಿಲ್ಲಬೇಕು, ಅದು ಯಂತ್ರದ ಧರ್ಮ. ಇನ್‌ಸ್ಪೆಕ್ಟರಮ್ಮ ಎಲ್ಲರನ್ನೂ ದೂರ ಸರಿಸಿದರು. ಗಡಿಯಾರ ಉದ್ದನೆಯ ಕೋಲಿನಿಂದ ಮುಚ್ಚಳ ಎತ್ತಿದರು.

ಚಕ್ರ ನಿಲ್ಲಲಿಲ್ಲ.

ತಂಗಿಯ ಕೈ ಬೂಟಿನ ಲೇಸಿನಲ್ಲೇ ಉಳಿಯಿತು. ಯಂತ್ರವನ್ನು ಆರಿಸಿ ಹುಡುಕಿದಾಗ ಮುಚ್ಚಳದಡಿಯ ಸ್ವಿಚ್ಚು ಸಿಕ್ಕಿತು. ಅದನ್ನು ಒತ್ತಿ ಹಿಡಿದು, ನೂಲಿನಿಂದ ಏಳು ಸುತ್ತು ಬಿಗಿಯಲಾಗಿತ್ತು. ಮುಚ್ಚಳ ತೆರೆದರೂ ಯಂತ್ರದ ಲೆಕ್ಕಕ್ಕೆ ಅದು ಮುಚ್ಚಿಯೇ ಇತ್ತು.

ಮೇಸ್ತ್ರಿಯ ಪೆಟ್ಟಿಗೆಯನ್ನು ತೆರೆಸಿದರು. ಅದರಲ್ಲಿ ಹನ್ನೊಂದು ಚೀಟಿಗಳಿದ್ದವು. ಐದು ತಿಂಗಳಿಂದ ಕೆಲಸಗಾರರು ಬರೆದುಕೊಟ್ಟವು: ಮೂರನೇ ಯಂತ್ರದ ಸ್ವಿಚ್ಚು ಕೆಟ್ಟಿದೆ, ಸುಮ್ಮಸುಮ್ಮನೆ ನಿಲ್ಲುತ್ತೆ, ನೋಡಿ. ಒಂದೂ ಮ್ಯಾನೇಜರ ಮೇಜಿಗೆ ಹೋಗಿರಲಿಲ್ಲ. ಮ್ಯಾನೇಜರೂ ಒಂದು ದಿನ ಕೇಳಿದವರಲ್ಲ. ಹಲಗೆ ನೋಡಿ ತೃಪ್ತರಾಗಿ ಹೋಗುತ್ತಿದ್ದರು.

ಮೇಸ್ತ್ರಿ ಐವತ್ತು ದಾಟಿದ ಮನುಷ್ಯ. ಅಂಗಿಯ ಜೇಬಿನಲ್ಲಿ ಸುಣ್ಣದ ಕಡ್ಡಿ.

"ಸ್ವಿಚ್ಚು ಕಟ್ಟಿದ್ದು ಯಾರು?"

"ನಾನೇ. ನಿನ್ನೆ ಬೆಳಿಗ್ಗೆ."

"ಅವನಿಗೆ ಹೇಳಿದ್ರಾ?"

"ಊಟದ ಹೊತ್ತಿಗೆ ಹೇಳೋಣ ಅಂತಿದ್ದೆ. ಹನ್ನೊಂದು ನಲವತ್ತಕ್ಕೇ ಮುಚ್ಚಳ ಎತ್ತಿದ. ನಿಲ್ಲುತ್ತೆ ಅಂತ ನಂಬಿ ಕೈ ಹಾಕಿದ."

"ರಿಪೇರಿಗೆ ಯಾಕೆ ಬರೀಲಿಲ್ಲ?"

"ಬರೆದ್ರೆ ತಪಾಸಣೆ ಬರುತ್ತೆ. ತಪಾಸಣೆಯವರು ತಪ್ಪು ಕಂಡ್ರೆ ಹಲಗೆ ಅಳಿಸ್ತಾರೆ."

"ರಕ್ತ ಒರೆಸಿದ್ರಿ. ಹಾಜರಿ ಅಳಿಸಿದ್ರಿ. ಬೂಟು ಬಿಚ್ಚಿ, ಹಿಂದಿನ ಗೇಟಿಂದ ಆಸ್ಪತ್ರೆಗೆ ಸಾಗಿಸಿದ್ರಿ. ಚಪ್ಪಲಿ ಮಾತ್ರ ಯಾಕೆ ಬಿಟ್ರಿ?"

ಮೇಸ್ತ್ರಿ ಗೂಡಿನ ಕಡೆ ನೋಡಿದರು. ಎಲ್ಲಕ್ಕಿಂತ ಕೆಳಗಿನ ಮೂಲೆಯಲ್ಲಿ ಇನ್ನೊಂದು ಜೊತೆ ಇತ್ತು. ಅದರ ಮೇಲೆ ಹತ್ತಿ ಬೆರಳಷ್ಟು ದಪ್ಪ ಕೂತು, ಚಪ್ಪಲಿಯೋ ಮಲಗಿದ ಮೊಲವೋ ತಿಳಿಯದಂತಾಗಿತ್ತು.

"ಅದು ನನ್ನ ತಮ್ಮಂದು," ಎಂದರು. "ಅವನು ಹೋಗಿ ಎಂಟು ವರ್ಷ ತುಂಬೋಕೆ ಇನ್ನು ಎಂಟು ದಿನ. ಇದೇ ಯಂತ್ರ ಮೇಡಂ, ಆವಾಗ ಸ್ವಿಚ್ಚೇ ಇರ್ಲಿಲ್ಲ. ಮಾರನೇ ದಿನ ಸ್ಟೂಲು ಹತ್ತಿ ಸೊನ್ನೆ ಬರೆದವನು ನಾನೇ. ಈ ಕೈ ಇನ್ನೊಂದು ಸಲ ಸೊನ್ನೆ ಬರೀಬಾರದು ಅಂತ ದೇವರ ಮುಂದೆ ಆಣೆ ಮಾಡ್ದೆ. ಮೊದಮೊದಲು ಜನಾನ ಕಾಯ್ತಾ ಇದ್ದೆ. ಯಾವಾಗ ಅಂಕೀನ ಕಾಯೋಕೆ ಶುರು ಮಾಡ್ದೆನೋ, ನನಗೇ ತಿಳೀಲಿಲ್ಲ. ನಿನ್ನೆ ಎಲ್ಲಾ ಒರೆಸ್ದೆ. ಚಪ್ಪಲಿ ಮುಟ್ಟೋಕೆ ಹೋದ್ರೆ ಕೈ ಏಳಲಿಲ್ಲ."

ಒಂದು ನಲವತ್ತೈದಕ್ಕೆ ಮೇಸ್ತ್ರಿಯನ್ನು ದಸ್ತಗಿರಿ ಮಾಡಿದರು. ಮ್ಯಾನೇಜರಿಗೂ ವಿಚಾರಣೆಗೆ ಬರುವಂತೆ ನೋಟಿಸು ಕೊಟ್ಟರು.

"ಒಂದು ನಿಮಿಷ ಬಿಡ್ತೀರಾ ಮೇಡಂ?"

ಇನ್‌ಸ್ಪೆಕ್ಟರಮ್ಮ ತಲೆಯಾಡಿಸಿದರು. ಮೇಸ್ತ್ರಿ ಸ್ಟೂಲು ಹತ್ತಿದರು. ತೋಳಿನಿಂದ ಅಂಕಿಗಳನ್ನು ಒರೆಸಿದರು. ಕಡ್ಡಿ ಎರಡು ಸಲ ಮುರಿಯಿತು. ಮೂರನೆಯ ಸಲಕ್ಕೆ ಹಲಗೆಯ ಮೇಲೆ ಒಂದು ದೊಡ್ಡ ಸೊನ್ನೆ ಮೂಡಿತು, ತೆರೆದ ಬಾಯಿಯಂತೆ.

ಯಂತ್ರಗಳನ್ನೆಲ್ಲ ಆರಿಸಿದ್ದರು. ಆಮೇಲೆ ತಂಗಿ ಬೂಟು ಕಳಚಿ ಪಕ್ಕಕ್ಕಿಟ್ಟು ಎದ್ದು ನಿಂತಳು.

"ಐದನೇದರ ಪಟ್ಟಿ ಸವೆದಿದೆ. ಎರಡು ಸಲ ನನ್ನ ಸೆರಗು ಎಳೀತು."

"ನಾಲ್ಕನೇದರ ಮುಚ್ಚಳಕ್ಕೆ ಹಿಡಿಕೇನೇ ಇಲ್ಲ," ಎಂದ ಇನ್ನೊಬ್ಬ.

"ಏಣೀದು ಒಂದು ಮೆಟ್ಟಿಲು ಹೋಗಿದೆ ಸಾರ್, ಹೋದ ವರ್ಷದಿಂದ."

"ನಿಧಾನ, ಒಬ್ಬೊಬ್ರೇ ಹೇಳ್ರಪ್ಪಾ," ಎಂದು ಗಡಿಯಾರ ಹೊಸ ಹಾಳೆ ತಿರುವಿದರು. "ನನಗಿರೋದು ಒಂದೇ ಕೈ, ಒಂದೇ ಪೆನ್ನು."

ಎರಡು ಗಂಟೆಯ ಗಂಟೆ ಬಾರಿಸಿತು. ಪಾಳಿ ಶುರುವಾಗಲಿಲ್ಲ. ಗಾಯಾಳುವಿನ ಹೆಂಡತಿ ತಂಗಿಯ ಕೈಗಳನ್ನು ಹಿಡಿದು, ಮಗುವಿನ ಕೈ ನೋಡುವಂತೆ ಬೆರಳುಗಳನ್ನು ಒಂದೊಂದಾಗಿ ಸವರಿದಳು. ಹತ್ತೂ ಇದ್ದವು.

ಬಾಗಿಲಲ್ಲಿ ಮೇಸ್ತ್ರಿ ಬೂಟು ಬಿಚ್ಚಿ ತಮ್ಮ ಚಪ್ಪಲಿ ಮೆಟ್ಟಿಕೊಂಡರು. ಆಮೇಲೆ ಬಗ್ಗಿ ಕೆಳಗಿನ ಮೂಲೆಗೆ ಕೈ ಹಾಕಿದರು. ಈ ಸಲ ಕೈ ಎದ್ದಿತು. ಮೆಲ್ಲಗೆ ಊದಿದಾಗ ಎಂಟು ವರ್ಷದ ಹತ್ತಿ ಎದ್ದು ಬಿಸಿಲಿಗೆ ಸೇರಿಕೊಂಡಿತು. ಒಳಗಿನಿಂದ ಬಂದದ್ದು ಸಣ್ಣ ಕಾಲಿನ, ಹಿಮ್ಮಡಿ ಸವೆದ ಒಂದು ಜೊತೆ. ಅದನ್ನು ಎದೆಗೊತ್ತಿಕೊಂಡು ಅವರು ಜೀಪು ಹತ್ತಿದರು.

"ಇದನ್ನೂ ಪಂಚನಾಮೆಗೆ ಸೇರಿಸ್ಲಾ ಮೇಡಂ?" ಗಡಿಯಾರ ಮಣಿಕಟ್ಟು ತಿರುಗಿಸಿ ಸಮಯ ನೋಡಲು ಹೋದರು.

"ಬೇಡ," ಎಂದರು ಇನ್‌ಸ್ಪೆಕ್ಟರಮ್ಮ. "ಸಮಯಾನೂ ಬರೀಬೇಡಿ."