ಶ್ರೀಮತಿಯ ಸೀಸೆ

ಓಡುವಾಗಲೂ ನನಗಿದ್ದ ಚಿಂತೆ ಸೀರೆಯ ನೆರಿಗೆಯದು. ಬಿಚ್ಚಿಕೊಂಡುಬಿಟ್ಟರೆ?

ಮಳವಳ್ಳಿ ಸ್ಟ್ಯಾಂಡಿನಿಂದ ಮಂಡ್ಯದ ಬಸ್ಸು ಹೊರಟಿತ್ತು. ಬೆನ್ನ ಹಿಂದೆ ಶಿವಣ್ಣನ ಜಾವಾ ಬೈಕು... ಹಲಗೂರಿನಿಂದಲೂ ಬಿಟ್ಟಿರಲಿಲ್ಲ.

ಹಾರಿ ಹತ್ತಿದೆ. ಗಾಡಿ ಬಿಸಾಕಿ ಅವನೂ ಹತ್ತಿದ. ಹಿಂದಿನ ಸೀಟಿನಿಂದ ಬಗ್ಗಿದ.

"ಡಾಕ್ಟ್ರುಗೇನೇಳಕ್ಕೆ ಓಯ್ತಿದ್ದೀಯವ್ವ?"

ನಾನು ಕಂಡಕ್ಟರಿಗೆ ಚಿಲ್ಲರೆ ಎಣಿಸಿಕೊಟ್ಟೆ.

"ನಮ್ ಭಾವನ ಅಂಗ್ಡಿ ಮುಚ್ಚುಸ್ಬುಟ್ಟು, ನಿಮ್ಮಪ್ಪ ಮೇಷ್ಟ್ರು ಊರಲ್ಲಿ ಬಾಳ್ತಾರಾ? ಯೋಚ್ನೆ ಮಾಡು."

ಭಾವ ಎಂದರೆ ಮರಿಸಿದ್ದಯ್ಯ. ನಮ್ಮೂರ ಕಾಂಪೌಂಡರ್.

ಚಿಕ್ಕಂದಿನ ಕೀಲುಜ್ವರ ನನ್ನ ತಂಗಿ ಶ್ರೀಮತಿಯ ಹೃದಯದ ಕವಾಟವೊಂದನ್ನು ಕೆಡಿಸಿತ್ತು. ಈಗ ಅದರ ಮೇಲೆ ಬ್ಯಾಕ್ಟೀರಿಯಾ ಗೂಡು ಕಟ್ಟಿತ್ತು. ಅವಳ ಎದೆಗೆ ಕಿವಿಯಿಟ್ಟರೆ ಒಳಗೆ ಯಾರೋ ಊದಿದಂತೆ... ಸುಯ್ಯ್... ಬಸ್ಸಿನ ಇಂಜಿನ್ನಿನಲ್ಲೂ ಅದೇ ಕೇಳುತ್ತಿತ್ತು.

ಮಂಡ್ಯದ ಡಾಕ್ಟರು ಜ್ವರ ಇಳಿಸಿದರು. ಉಳಿದ ಪೆನಿಸಿಲಿನ್ ಸೀಸೆಗಳನ್ನು ಕೊಟ್ಟು ಮನೆಗೆ ಕಳಿಸಿದರು. ಊರಲ್ಲೇ ಚುಚ್ಚಿಸಿ, ಒಂದೂ ತಪ್ಪಬಾರದು ಎಂದರು.

ಮರಿಸಿದ್ದಯ್ಯನ ಸೂಜಿ ಒಂದೂ ತಪ್ಪಲಿಲ್ಲ. ಆದರೂ ಜ್ವರ ಮರಳಿತು. ನಿನ್ನೆ ಅಪ್ಪ ಅವಳನ್ನು ಮತ್ತೆ ಮಂಡ್ಯಕ್ಕೆ ಒಯ್ದರು.

ಇವತ್ತು ಬೆಳಿಗ್ಗೆ ಪಕ್ಕದ ಕೇರಿಯ ಹೊಂಬಾಳಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಹೂವು.

"ನಿನ್ ತಂಗಿ ಔಸ್ದೀಲೇ ನನ್ ಜರ ಓಯ್ತು ಕಣಮ್ಮ. ಮಗ ತಣ್ಣಗಿರ್ಲಿ."

ಆಗ ನನಗೆ ಹೊಳೆಯಿತು. ಮರಿಸಿದ್ದಯ್ಯನ ಜಗಲಿಯಲ್ಲಿ ಜ್ವರದವರು ಕಾದಿರುತ್ತಿದ್ದರು. ಸೂಜಿ ಹಾಕದೆ ಕಳಿಸಿದರೆ ಊರು ಅವನನ್ನು ಲೆಕ್ಕಕ್ಕಿಡುವುದಿಲ್ಲ. ಹುಡುಗಿ ಗೆಲುವಾಗಿದ್ದಾಳಲ್ಲ ಎಂದು ಅವಳ ಸೀಸೆಯಿಂದಲೇ ಅವರಿಗೂ ಮದ್ದು ಎಳೆದಿದ್ದ. ಅರ್ಧ ಮದ್ದಿಗೆ ಕ್ರಿಮಿ ಸಾಯುವುದಿಲ್ಲ. ಅಡಗಿ ಕೂತು ಮತ್ತೆ ಏಳುತ್ತದೆ.

"ಬಿಯೆಸ್ಸಿ ಓದ್ಬುಟ್ರೆ ಸೂಜಿ ಇಡಿಯಕ್ ಬತ್ತದಾ?" ಹಿಂದಿನ ಸೀಟಿನಿಂದ ಶಿವಣ್ಣ ನಕ್ಕ.

ಮಂಡ್ಯದಲ್ಲಿ ಬಸ್ಸು ನಿಲ್ಲುವ ಮೊದಲೇ ಧುಮುಕಿದೆ. ಆಸ್ಪತ್ರೆಯ ಮೆಟ್ಟಿಲಲ್ಲಿ ಅವನ ಕೈ ನನ್ನ ಸೆರಗಿಗೆ ತಗುಲಿತು. ಕಿತ್ತುಕೊಂಡೆ.

ವಾರ್ಡು. ಶ್ರೀಮತಿ ಕಣ್ಣು ಮುಚ್ಚಿದ್ದಳು. ಬೆರಳ ತುದಿಗಳಲ್ಲಿ ಕೆಂಪು ಗಂಟುಗಳು.

ಡಾಕ್ಟರು ಅಪ್ಪನಿಗೆ ಹೇಳುತ್ತಿದ್ದರು.

"ರಕ್ತದ ರಿಪೋರ್ಟು ಮೈಸೂರಿಂದ ಬರೋ ತನಕ ಕಾಯೋಕಾಗಲ್ಲ. ಪೂರ್ತಿ ಡೋಸ್ ಕೊಟ್ಟೂ ಬಗ್ಗಲಿಲ್ಲ ಅಂದ್ರೆ ಇನ್ನು ಪೆನಿಸಿಲಿನ್ ದಂಡ. ಬೇರೆ ಇಂಜೆಕ್ಷನ್ ಶುರು ಮಾಡ್ತೀನಿ. ಕಿವಿ ಹೋಗಬಹುದು, ಕಿಡ್ನಿ ಹೋಗಬಹುದು... ಪೂರ್ತಿ ಕೊಟ್ಟಿದೆ ತಾನೆ?"

"ಪೂರ್ತಿ ಕೊಟ್ಟಿದೆ ಸಾರ್," ಎಂದರು ಅಪ್ಪ. ಪಾಪ, ನಂಬಿದ್ದರು.

"ಒಂದೂ ತೆಪ್ಪಿಲ್ಲ ಸಾ," ಬಾಗಿಲಲ್ಲಿ ಶಿವಣ್ಣ ಏದುಸಿರು ಬಿಡುತ್ತಾ ಕೈಮುಗಿದ.

ಡಾಕ್ಟರ ಪೆನ್ನು ಚೀಟಿಗೆ ಇಳಿಯಿತು.

"ಇಲ್ಲ ಸಾರ್," ಎಂದೆ. "ಅರ್ಧ ಡೋಸ್ ಇವಳಿಗೆ. ಇನ್ನರ್ಧ ಊರಿಗೆ."