ಪುಟದ ಹೊರಗಿನ ಸಾಲು

ನುಡಿಪೆಟ್ಟಿಗೆ ಗಂಟಲು ಸರಿಮಾಡಿಕೊಂಡಂತೆ ಸಣ್ಣ ಸದ್ದು ಮಾಡಿ, ಐವತ್ತು ವರ್ಷ ಹಳೆಯ ಕಂಪ್ಯೂಟರ್ ಕಡತವೊಂದನ್ನು ಓದತೊಡಗಿತು.

"ಪ್ರಕಟಣೆ. ಗದಗ ಬಸ್ ನಿಲ್ದಾಣದಲ್ಲಿ ಸುಮಾರು ನಾಲ್ಕು ವರ್ಷದ, ಎರಡೂ ಕಣ್ಣು ಕಾಣದ ಗಂಡುಮಗು ಸಿಕ್ಕಿದೆ. ಹೆಸರು ಈರಬಸಪ್ಪ ಎನ್ನುತ್ತದೆ. ವಾರಸುದಾರರು ಅಂಧ ಮಕ್ಕಳ ವಸತಿಶಾಲೆಯನ್ನು ಸಂಪರ್ಕಿಸಬೇಕು. ಎಡ ಮುಂಗೈ ಮೇಲೆ ಸುಟ್ಟ ಕಲೆ ಇದೆ. ತಾಯಿ ಶಾಂತವ್ವ, ರೋಣದ ಕಡೆ ಕರಿಬಾವಿಯವಳು. ಸೋಮವಾರ ಬಂದು ಕರೆದೊಯ್ಯುತ್ತೇನೆ ಎಂದು ಚಹದ ಅಂಗಡಿಯವನಿಗೆ ಹೇಳಿ ಹೋಗಿದ್ದಾಳೆ."

ಡಾಕ್ಟರ್ ನೀಲಗಂಗಾ ಕಿವಿಗೊಟ್ಟು ಕೂತಿದ್ದಳು. ಹುಟ್ಟಿನಿಂದ ಕಣ್ಣಿಲ್ಲದ ಅವಳಿಗೆ ಎದುರಿನವರ ಮುಖ ಬೇಕಿರಲಿಲ್ಲ, ಸಪ್ಪಳ ಸಾಕಿತ್ತು. ಎದುರು ಕೂತವನು ಅಂಗಿಯ ತೋಳಿನ ಗುಂಡಿ ಬಿಚ್ಚಿದ. ಚರ್ಮದ ಮೇಲೆ ಬೆರಳು ಸವರಿದ ಸದ್ದು ಬಹಳ ಹೊತ್ತು ಕೇಳಿತು.

"ಇನ್ನೊಮ್ಮೆ ಓದಸ್ರಿ ಅಕ್ಕಾರ," ಅಂದ ಈರಬಸಪ್ಪ.

ಗದಗಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡಿಕೊಂಡಿದ್ದ ಅವನಿಗೆ ಈಗ ಐವತ್ತನಾಲ್ಕು. ಅವನಿಗೂ ಕಣ್ಣಿಲ್ಲ. ತಾನು ಯಾರ ಮಗ ಎಂಬುದನ್ನು ಹುಡುಕುತ್ತಲೇ ಅರ್ಧ ಆಯುಷ್ಯ ಕಳೆದಿದ್ದ. ಅವನು ಬೆಳೆದ ಶಾಲೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಉಳಿದದ್ದು ಆ ಶಾಲೆಯ ಪ್ರಕಟಣೆ ಅಚ್ಚು ಹಾಕುತ್ತಿದ್ದ ಬೆಟಗೇರಿಯ ಒಂದು ಅಂಗಡಿಯ ಹಾರ್ಡ್ ಡಿಸ್ಕ್ ಮಾತ್ರ.

"ನಾಳೆ ಹತ್ತರ ಬಸ್ಸಿಗೆ ಕರಿಬಾವಿಗೆ ಹೊಂಡತೇನ್ರಿ," ಅಂದ ಏಳುತ್ತ. "ಮುದುಕಿ ಇದ್ರ ಎಂಬತ್ತರ ಮ್ಯಾಲ ಆಗಿರತೈತಿ. ಇನ್ನ ತಡಾ ಮಾಡೂದ ಬ್ಯಾಡ." ಅವನ ದನಿಯಲ್ಲಿ ಏನೋ ಅವಸರವಿತ್ತು. ಅವಳಿಗೆ ಅದು ಸಂತೋಷದ್ದೆಂದೇ ಅನಿಸಿತು.

ನುಡಿಪೆಟ್ಟಿಗೆ ಅವಳ ಹನ್ನೊಂದು ವರ್ಷದ ದುಡಿಮೆ. ಆ ಕಾಲದ ಅನೇಕ ಕನ್ನಡ ಕಡತಗಳಲ್ಲಿ ಅಕ್ಷರ ಅನ್ನುವುದೇ ಇರುತ್ತಿರಲಿಲ್ಲ. ಇದ್ದದ್ದು ಅಕ್ಷರದ ತುಂಡುಗಳ ಸಂಖ್ಯೆ: ಇಲ್ಲೊಂದು ತಲೆಕಟ್ಟು, ಅಲ್ಲೊಂದು ಕೊಂಬು, ಇನ್ನೆಲ್ಲೋ ಒತ್ತು. ಯಾವ ಸಂಖ್ಯೆಗೆ ಯಾವ ತುಂಡು ಎಂಬುದು ಆಯಾ ಫಾಂಟಿಗೆ ಮಾತ್ರ ಗೊತ್ತು. ಫಾಂಟು ಕಳೆದುಹೋದರೆ ಲಗ್ನಪತ್ರಿಕೆಯೂ ಒಂದೇ, ಹಾಳೆಯ ಮೇಲೆ ಇರುವೆ ಹರಿದದ್ದೂ ಒಂದೇ. ಪೆಟ್ಟಿಗೆ ತನ್ನೊಳಗೇ ಹಳೆಯ ಕಂಪ್ಯೂಟರಿನ ವೇಷ ಹಾಕಿ, ಸತ್ತ ತಂತ್ರಾಂಶವನ್ನು ಎಬ್ಬಿಸಿ, ಆ ತುಂಡುಗಳನ್ನು ಬರೆಸುತ್ತಿತ್ತು. ಆಮೇಲೆ ಬೆರಳಿನಿಂದ ತಡವಿದ ಹಾಗೆ ಆಕಾರ ಗುರುತಿಸಿ ಬಾಯಿಬಿಟ್ಟು ಓದುತ್ತಿತ್ತು. ಮುಂದಿನ ವಾರ ಅದು ನಾಡಿನ ಗ್ರಂಥಾಲಯಗಳಿಗೆಲ್ಲ ಹೋಗಬೇಕಿತ್ತು.

ಈರಬಸಪ್ಪ ಹೋದ ಮೇಲೆ, ಮನಸ್ಸು ಹಗುರವಾಗಿದ್ದುದರಿಂದ, ಅದೇ ಡಿಸ್ಕಿನ ಇನ್ನೊಂದು ಕಡತವನ್ನು ಸುಮ್ಮನೆ ಓದಿಸಿದಳು. ಅದೊಂದು ಲಗ್ನಪತ್ರಿಕೆ. ವಧು ಒಬ್ಬಳೇ. ವರರು ಇಬ್ಬರು, ಒಬ್ಬ ಮುಂಡರಗಿಯವನು, ಇನ್ನೊಬ್ಬ ಕುಷ್ಟಗಿಯವನು. ಮುಹೂರ್ತವೂ ಎರಡು. ಅವಳು ಮೊದಲು ನಕ್ಕಳು. ಆಮೇಲೆ ನಗು ಹಾಗೇ ಇಂಗಿಹೋಯಿತು.

ಮತ್ತೊಂದನ್ನು ಓದಿಸಿದಳು. ಸಂಗೀತ ಕಛೇರಿಯ ಕರೆಯೋಲೆಯ ಕೊನೆಗೆ ಯಾರದೋ ಶ್ರದ್ಧಾಂಜಲಿ. ಎದ್ದು ಕೋಣೆಯ ತುಂಬ ಅಡ್ಡಾಡಿದಳು, ಮೇಜಿಗೆ ಮೊಣಕಾಲು ಬಡಿಯಿತು, ಮತ್ತೆ ಕೂತಳು. ಕೂರಲಾಗಲಿಲ್ಲ. ಪೆಟ್ಟಿಗೆ ಸುಳ್ಳು ಓದುತ್ತಿರಲಿಲ್ಲ, ಪ್ರತಿ ಸಾಲೂ ಕಡತದಲ್ಲಿತ್ತು. ಹಾಗಾದರೆ ಈರಬಸಪ್ಪನ ಪ್ರಕಟಣೆಯಲ್ಲಿ ಎಷ್ಟು ಸಾಲು ಅವನವು? ನಾಳೆ ಹತ್ತಕ್ಕೆ ಅವನು ಬಸ್ಸು ಹತ್ತುತ್ತಾನೆ. ಕೋಲು ಹಿಡಿದು, ಆಟೋ ಕರೆದು, ಬೆಟಗೇರಿಗೆ ಹೊರಟಳು.

ಆ ಅಚ್ಚಿನ ಅಂಗಡಿಯಲ್ಲಿ ಕಡತಗಳನ್ನು ಟೈಪು ಮಾಡುತ್ತಿದ್ದ ದಾವಲಸಾಬ ಇನ್ನೂ ಗಟ್ಟಿಯಾಗಿದ್ದ. ಎಪ್ಪತ್ತೆಂಟರ ಮುದುಕ. ಆ ಹಾರ್ಡ್ ಡಿಸ್ಕನ್ನು ಹಳೆಯ ಟ್ರಂಕಿನಲ್ಲಿ ಜೋಪಾನ ಮಾಡಿ ಕೊಟ್ಟವನೂ ಅವನೇ. ಅವಳು ಇಬ್ಬರು ವರರ ಕಥೆ ಹೇಳುತ್ತಿದ್ದಂತೆ ಬಿದ್ದು ಬಿದ್ದು ನಕ್ಕ.

"ನಿನ್ನ ಪೆಟಗಿ ನನ್ನ ಕಸಾನೂ ಓದೇತಿ ತಂಗಿ."

"ಕಸ ಅಂದ್ರ ಏನ್ ಕಾಕಾ? ಬಿಡಿಸಿ ಹೇಳ್ರಿ."

"ಈ ಟೇಬಲ್ ಕಂಪ್ಯೂಟರ್ ಪರದೆ ಐತಿ ಅನ್ಕೋ." ಅವಳ ಕೈ ಹಿಡಿದು ಮೇಜಿನ ಮೇಲಿಟ್ಟ. ನಡುವೆ ಒಂದು ಹಾಳೆ ಹಾಸಿ ಅದರ ಅಂಚು ಮುಟ್ಟಿಸಿದ. "ಪರದೆ ಮ್ಯಾಲ ಹಿಂಗ ಕಾಣತಿತ್ತು. ನಡುವ ಪುಟ, ಸುತ್ತಲೂ ಖಾಲಿ ಜಾಗ. ಪುಟದಾಗ ಇದ್ದದ್ದಷ್ಟ ಅಚ್ಚಾಗತಿತ್ತು. ಹೊಸಾ ಕೆಲಸ ಬಂದ್ರ ನಾವು ಹೊಸಾ ಕಡತ ಎಲ್ಲಿ ಮಾಡತಿದ್ವಿ? ಹಳೇದನ್ನ ತಗದು, ಬ್ಯಾಡಾದ ಸಾಲು ಹೊರಗ ಎಳದು ಇಟ್ಟು, ಹೊಸಾದು ಟೈಪ್ ಬಡೀತಿದ್ವಿ."

"ಅಳಿಸಬೇಕಿಲ್ರಿ?"

"ಯಾಕ ಅಳಸೂದು? ನಾಳೆ ಬೇಕಾದ್ರ? ಕರೆಂಟ್ ಯಾವಾಗ ಹೋಗತೈತಿ ಅನ್ನೂದ ಗೊತ್ತಿರತಿದ್ದಿಲ್ಲ. ಒಮ್ಮಿ ಬಡದ ಸಾಲು ನಮಗ ಜೀವ ಇದ್ದಂಗ."

ನೀಲಗಂಗಾ ಹಾಳೆಯ ಅಂಚನ್ನೇ ಬೆರಳಿನಿಂದ ಉಜ್ಜುತ್ತ ಕೂತಳು. ಪೆಟ್ಟಿಗೆಗೆ ಅಕ್ಷರದ ಆಕಾರವನ್ನೆಲ್ಲ ಕಲಿಸಿದ್ದಳು. ಪುಟಕ್ಕೊಂದು ಹೊರಗು ಇರುತ್ತದೆ ಎಂದು ಕಲಿಸಿರಲಿಲ್ಲ, ಅವಳಿಗೇ ಗೊತ್ತಿರಲಿಲ್ಲ. ಕಣ್ಣಿದ್ದ ಸಹೋದ್ಯೋಗಿಗಳಿಗೆ ಅದು ಹೇಳಬೇಕಾದ ಸಂಗತಿ ಅಂತಲೂ ಅನಿಸಿರಲಿಲ್ಲ.

"ಆ ಶಾಲಿ ಪ್ರಕಟಣೆನೂ ಹಿಂಗ ಏನ್ರಿ?"

"ಎಲ್ಲಾ ಹುಡುಗರದೂ ಒಂದ ಕಡತದಾಗ. ಮೊದಲಿನವನ ಸಾಲು ಹೊರಗ, ಹೊಸಬನದು ಒಳಗ. ನೂರ ನೂರ ಪ್ರತಿ ಹೊಡದು ಕೊಡತಿದ್ದೆ. ಬಸ್‌ಸ್ಟ್ಯಾಂಡಿಗೂ ಹಚ್ಚತಿದ್ರು, ಆ ಶಾಲಿ ಪಡಸಾಲಿ ಗೋಡಿಗೂ ಹಚ್ಚತಿದ್ರು."

ಮರುದಿನ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಪೆಟ್ಟಿಗೆಗೆ ಪುಟದ ಅಂಚು ಅಳೆಯಲು ಕಲಿಸಿ, ಪ್ರಕಟಣೆಯನ್ನು ಮತ್ತೆ ಓದಿಸಿದಳು. 'ಸಂಪರ್ಕಿಸಬೇಕು' ಎಂಬಲ್ಲಿಗೆ ಪುಟ ಮುಗಿಯಿತು. ಸುಟ್ಟ ಕಲೆ, ಶಾಂತವ್ವ, ಕರಿಬಾವಿ, ಸೋಮವಾರ ಎಲ್ಲವೂ ಹೊರಗಿನವು. ಅರ್ಧ ಆಯುಷ್ಯ ಹುಡುಕಿದವನಿಗೆ ಒಂದು ದಿನ ತಾಯಿಯನ್ನು ಕೊಟ್ಟು ಕಸಿದುಕೊಳ್ಳುವುದು ಹೇಗೆ? ಹೇಳದಿದ್ದರೆ ಯಾವುದೋ ಊರಲ್ಲಿ ಯಾರದೋ ತಾಯಿಯ ಮುಂದೆ ಹೋಗಿ ನಿಲ್ಲುತ್ತಾನೆ.

ಅವಳು ಬಸ್ ನಿಲ್ದಾಣ ಮುಟ್ಟಿದಾಗ ಒಂಬತ್ತೂ ಮುಕ್ಕಾಲು. ರೋಣದ ಬಸ್ಸು ನಿಲ್ಲುವ ಕಡೆ ಹೋಗಿ ಅವನ ಹೆಸರು ಹಿಡಿದು ಕೂಗಿದಳು. ಈರಬಸಪ್ಪ ಬೆಂಚಿನ ಮೇಲಿಂದ ಓಗೊಟ್ಟ. ಪಕ್ಕ ಕೂತು, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟಳು.

"ತಪ್ಪು ನಂದು. ಆ ಸಾಲು ನಿಮ್ಮವಲ್ಲ. ನಿಮಗಿಂತ ಮೊದಲ ಬಂದ ಯಾವನೋ ಹುಡುಗಂದು."

ಅವನು ಮುಂಗೈ ಸವರಿಕೊಂಡ. ಕಂಡಕ್ಟರ್ ಊರುಗಳ ಹೆಸರು ಕೂಗುತ್ತಿದ್ದ.

"ನನಗ ಗೊತ್ತಿತ್ರಿ ಅಕ್ಕಾರ," ಅಂದ ಕೊನೆಗೆ. "ನೀವು ಓದಿಸಿದಾಗನ ಗೊತ್ತಾತು. ನನ್ನ ಕೈಯಾಗ ಕಲೆ ಇಲ್ಲ. ಆ ಕಲೆ ನನ್ನ ಶಾಲಿ ಗೆಳೆಯ ಫಕ್ಕೀರೇಶಂದು. ಎಂಟು ವರ್ಷ ಅವನ ಎಡಗೈ ಹಿಡದ ಊಟಕ್ಕ ಹೋಗೀನಿ. ಹುಣಸಿಬೀಜದಷ್ಟು ಉಬ್ಬಿತ್ತು. ನಿದ್ದಿಗಣ್ಣಾಗ ಮುಟ್ಟಿದ್ರೂ ಗುರತಾ ಹಿಡೀತೇನಿ."

"ಮತ್ತ ಹೊಂಟೀರಲ್ಲ?"

"ಆಸೆರಿ. ಮುದುಕಿಗೆ ಕಣ್ಣು ಮಂಜಾಗಿರತಾವ, ನಾನ ನಿನ್ನ ಮಗ ಅಂತ ಕೈ ಹಿಡದ್ರ ಯಾರು ಕೇಳವರು ಅನಿಸ್ತು. ರಾತ್ರಿಯೆಲ್ಲಾ ಹೊಳ್ಳಾಡೀನಿ." ಅವನು ಜೇಬಿನಿಂದ ಫೋನು ತೆಗೆದ. "ಫಕ್ಕೀರೇಶ ಕೊಪ್ಪಳದಾಗ ತಬಲಾ ಕಲಸತಾನ. ನಮ್ಮವ್ವ ನನ್ನ ತಿಪ್ಪಿಗೆ ಒಗದಂಗ ಒಗದು ಹೋದ್ಲು ಅಂತಾನ, ಇವತ್ತಿಗೂ. ಅವಗ ನಾನು ಮೋಸ ಮಾಡಾಕ ಹೊಂಟಿದ್ದೆ."

ನೀಲಗಂಗಾ ಅವನ ಭುಜದ ಮೇಲೆ ಕೈಯಿಟ್ಟಳು. ಅವನು ಫೋನಿಗೆ ಗೆಳೆಯನ ಹೆಸರು ಹೇಳಿದ. ಆ ಕಡೆಯಿಂದ ಹಲೋ ಬಂದಾಗ ಪೀಠಿಕೆ ಹಾಕದೆ, "ಪಕ್ಯಾ, ನಿಮ್ಮವ್ವ ಸೋಮವಾರ ಬರತೇನಿ ಅಂದಿದ್ಲಂತೋ," ಅಂದ. ಆಮೇಲೆ ಆ ಕಡೆಯಿಂದಲೂ ಈ ಕಡೆಯಿಂದಲೂ ಅಳುವುದಷ್ಟೇ ಕೇಳಿತು. ಹತ್ತರ ಬಸ್ಸು ಹೊರಟುಹೋಯಿತು. ಇಬ್ಬರೂ ಕೂಡಿಯೇ ಕರಿಬಾವಿಗೆ ಹೋಗುವುದೆಂದು ಠರಾಯಿಸಿ ಈರಬಸಪ್ಪ ಫೋನು ಇಟ್ಟ.

"ಇನ್ನ ಪೆಟ್ಟಿಗಿ ಯಾರನ್ನೂ ಹಿಂಗ ದಿಕ್ಕು ತಪ್ಪಸೂದಿಲ್ಲ," ಅಂದಳು ನೀಲಗಂಗಾ. "ಹೊರಗಿನ ಸಾಲು ಬಂದ್ರ, ಇದು ಹೊರಗಿಂದು ಅಂತ ಮೊದಲ ಹೇಳತೈತಿ. ಓದೂದಂತೂ ಬಿಡಸೂದಿಲ್ಲ." ಸ್ವಲ್ಪ ತಡೆದು ಕೇಳಿದಳು: "ಆ ಪ್ರಕಟಣೆ ನಿಮ್ಮ ಶಾಲಿ ಪಡಸಾಲಿ ಗೋಡಿಗೂ ಹಚ್ಚತಿದ್ರಂತಲ್ಲ?"

"ಹಚ್ಚತಿದ್ರು ರಿ. ಗ್ವಾಡಿ ಹಿಡಕೊಂಡ ಅಲ್ಲೇ ಊಟಕ್ಕ ಹೋಗತಿದ್ವಿ. ಕೈಗೆ ಕಾಗದ ಹತ್ತತಿತ್ತು. ಫಕ್ಕೀರೇಶ ತಮ್ಮವ್ವನ ಹೆಸರಿದ್ದ ಕಾಗದದ ಅಂಚು ಕಿತ್ತಿ ಕಿತ್ತಿ ಉಂಡಿ ಮಾಡಿ ನನ್ನ ಕಿವ್ಯಾಗ ತುರಕತಿದ್ದ." ನಕ್ಕ, ಮೂಗು ಒರೆಸಿಕೊಂಡ. "ಮಾಸ್ತರು, ಅಡಗಿಯವರು, ನೋಡಾಕ ಬಂದ ದೊಡ್ಡಮಂದಿ, ಕಣ್ಣಿದ್ದವರು ದಿನಾ ಎಷ್ಟ್ ಮಂದಿ ಅಡ್ಡಾಡತಿದ್ರು. ಪೆಟ್ಟಿಗಿ ಯಾಕ ಬೇಕಿತ್ರಿ ಅಕ್ಕಾರ? ಒಬ್ರು ನಿಂತು ಬಾಯಿಬಿಟ್ಟು ಓದಿದ್ರ ಸಾಕಿತ್ತು."